ವಯಸ್ಸಾಯ್ತು ಅಂತ ಬಿಟ್ಟುಬಿಡುವ ಮರೆವು: ಬಳ್ಳಾರಿ, ರಾಯಚೂರು, ಕೊಪ್ಪಳದವರು ಮಾತಾಡೋಣ ಬನ್ನಿ

ಗಂಗಾವತಿ ಟೀಚರ್

ಎಲ್ಲರಿಗೂ ನಮಸ್ಕಾರ. ನಮ್ಮ ಕಡೆ ಶುಗರ್ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಬಿಪಿ ಬಗ್ಗೆಯೂ ಅಷ್ಟೇ. ಮೊಣಕಾಲಿನ ಆಪರೇಷನ್ ಎಲ್ಲಿ ಚೆನ್ನಾಗಿ ಮಾಡುತ್ತಾರೆ ಅಂತ ಚಹಾ ಅಂಗಡಿಯಲ್ಲಿ ಕೇಳಿದರೂ ಗೊತ್ತಾಗುತ್ತದೆ. ಆದರೆ ಮನೆಯ ಹಿರಿಯರು ಈಗಷ್ಟೇ ಉಂಡಿದ್ದನ್ನು ಮರೆತರೆ, ಬಾಳಿ ಬದುಕಿದ ಓಣಿಯಲ್ಲೇ ದಾರಿ ತಪ್ಪಿದರೆ, ಹೆತ್ತ ಮಗಳನ್ನೇ "ನೀ ಯಾರವ್ವಾ" ಅಂತ ಕೇಳಿದರೆ ಎಲ್ಲರ ಬಾಯಲ್ಲೂ ಒಂದೇ ಮಾತು: "ಅರವತ್ತಕ್ಕ ಅರಳು ಮರಳು, ಬಿಡ್ರೀ." ಅಲ್ಲಿಗೆ ಮುಗಿಯಿತು. ದವಾಖಾನೆಯ ಮಾತೇ ಬರುವುದಿಲ್ಲ.

ಈ ಮಾತು ಕೇಳಿದಾಗಲೆಲ್ಲ ನನಗೆ ಸಂಕಟ ಆಗುತ್ತದೆ. ವಯಸ್ಸಾದವರಿಗೆಲ್ಲ ಇದು ಬಂದೇ ಬರುತ್ತದೆ ಅನ್ನುವುದು ಸುಳ್ಳು. ದಿನದ ಬದುಕೇ ತಪ್ಪುವಷ್ಟು ನೆನಪು, ಬುದ್ಧಿ ಕುಂದುವುದಕ್ಕೆ ಡಿಮೆನ್ಷಿಯಾ ಅನ್ನುತ್ತಾರೆ. ಅದು ಬರುವುದು ಮೆದುಳಿನ ಕಾಯಿಲೆಗಳಿಂದ. 100ರಲ್ಲಿ 60ರಿಂದ 70 ಮಂದಿಗೆ ಆಲ್ಝೈಮರ್ಸ್ ಕಾಯಿಲೆಯೇ ಕಾರಣ. ಲಕ್ವಾ ಹೊಡೆದ ಮೇಲೆ ಬರುವುದೂ ಇದೆ. ಜರ್ಮನಿಯ ಡಾಕ್ಟರ್ ಆಲೋಯಿಸ್ ಆಲ್ಝೈಮರ್ 1906ರಲ್ಲಿ ಈ ಕಾಯಿಲೆಯನ್ನು ಮೊದಲ ಸಲ ವಿವರಿಸಿದರು. ಅವರು ನೋಡಿದ ಹೆಣ್ಣುಮಗಳು ಆಸ್ಪತ್ರೆಗೆ ಸೇರಿದಾಗ ಆಕೆಗೆ 51 ವರ್ಷ. ಅರವತ್ತು ಇನ್ನೂ ದೂರ ಇತ್ತು.

ನಮ್ಮ ದೇಶದಲ್ಲಿ 60 ದಾಟಿದವರಲ್ಲಿ 100ಕ್ಕೆ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನಕ್ಕೆ ಡಿಮೆನ್ಷಿಯಾ ಇದೆ ಅಂತ 2023ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ ಹೇಳಿದೆ. ಗಂಡಸರಿಗಿಂತ ಹೆಂಗಸರಲ್ಲಿ ಜಾಸ್ತಿ. ಪಟ್ಟಣಕ್ಕಿಂತ ಹಳ್ಳಿಯಲ್ಲಿ ಜಾಸ್ತಿ. ಹಾಗಾದರೆ ನಮ್ಮೂರುಗಳಲ್ಲಿ ಎಷ್ಟು ಮನೆಗಳಲ್ಲಿ ಇರಬೇಕು, ಯೋಚಿಸಿ.

ಇನ್ನೊಂದು ವಿಷಯ ನಾನು ಶಾಲೆಯಲ್ಲಿ ದಿನಾ ನೋಡುತ್ತೇನೆ. ಅಪ್ಪ ಅವ್ವ ಬೆಂಗಳೂರಿಗೆ ಗುಳೆ ಹೋಗಿರುತ್ತಾರೆ. ಮನೆಯಲ್ಲಿ ಅಜ್ಜಿ ಮತ್ತು ಎರಡು ಮಕ್ಕಳು, ಅಷ್ಟೇ. ಅಜ್ಜಿ ಒಲೆ ಹಚ್ಚಿ ಮರೆತಳು, ಅಜ್ಜಿ ನನ್ನನ್ನು ಅಪ್ಪನ ಹೆಸರಿನಿಂದ ಕರೆದಳು ಅಂತ ಮೊದಲು ಗಮನಿಸುವುದು ಆ ಮಕ್ಕಳು. ಹೇಳಿದರೆ ದೊಡ್ಡವರು ನಕ್ಕು ಸುಮ್ಮನಾಗುತ್ತಾರೆ. ಅಜ್ಜಿಯನ್ನು ಕಾಯಲು ಶಾಲೆ ಬಿಡುವ ಹುಡುಗಿಯರೂ ಇದ್ದಾರೆ. ಆರನೇ ತರಗತಿಯ ಹುಡುಗಿ ಹೊರಬೇಕಾದ ಭಾರ ಇದಲ್ಲ.

ನಿಮ್ಮ ಮನೆ, ನಿಮ್ಮ ಓಣಿಯಲ್ಲಿ ಏನು ನೋಡುತ್ತಿದ್ದೀರಿ? ಜನಕ್ಕೆ ಇದನ್ನು ಹೇಗೆ ತಿಳಿಸಬಹುದು? ಬಿಡಿಸಿ ಬರೆಯಿರಿ.

ಕಾರಟಗಿ ರೈತ

ಟೀಚರ್, ಒಳ್ಳೆಯ ಮಾತು ಎತ್ತಿದ್ದೀರಿ. ನಮ್ಮ ಕಡೆ ಒಂದು ಭಯ ಬೇರೆ ಇದೆ. ತುಂಗಭದ್ರಾ ಎಡದಂಡೆ ಕಾಲುವೆ. ನೀರು ಬಿಟ್ಟಾಗ ದಂಡೆಯ ಮೇಲೆ ನಡೆದು ಹೋಗುವ ಅಜ್ಜಂದಿರನ್ನು ನೋಡಿದರೆ ಎದೆ ಝಲ್ ಅನ್ನುತ್ತದೆ. ಇಡೀ ಆಯುಷ್ಯ ಗದ್ದೆಗೆ ನೀರು ಕಟ್ಟಿದವರು. ನಸುಕಿನಲ್ಲಿ ಎಚ್ಚರ ಆದರೆ ಕಾಲು ತಾನೇ ಕಾಲುವೆ ಕಡೆಗೆ ಹೋಗುತ್ತದೆ. ಹೋಗುವಾಗ ದಾರಿ ಗೊತ್ತಿರುತ್ತದೆ, ಬರುವಾಗ ತಿಳಿಯುವುದಿಲ್ಲ.

ನಮ್ಮ ದೊಡ್ಡಪ್ಪನಿಗೆ ಹೀಗೆ ಆದಾಗ ಮನೆಯವರು ಹೊರಗಿನಿಂದ ಕೀಲಿ ಹಾಕಲಿಲ್ಲ. ಬೆಂಕಿಗಿಂಕಿ ಹತ್ತಿದರೆ ಗತಿ ಏನು? ಬದಲಿಗೆ ಅಂಗಿಯ ಒಳಜೇಬಿನ ಮೇಲೆ ಬಟ್ಟೆ ಪಟ್ಟಿಯಲ್ಲಿ ಫೋನ್ ನಂಬರ್ ಹೊಲಿದರು. ಎಲ್ಲಾ ಅಂಗಿಗೂ. ಬಾಗಿಲಿಗೆ ಒಂದು ಗಂಟೆ ಕಟ್ಟಿದರು. ಚಹಾ ಅಂಗಡಿ, ಆಟೋ ಸ್ಟ್ಯಾಂಡು, ಬಸ್ ಸ್ಟ್ಯಾಂಡಿನ ಹೂವಿನವರು, ಕಾಲುವೆಗೆ ನೀರು ಬಿಡುವ ಸೌಡಿ, ಎಲ್ಲರಿಗೂ ಹೇಳಿ ಇಟ್ಟರು. ಮುಚ್ಚಿಟ್ಟಿದ್ದರೆ ಆ ನಾಲ್ಕು ಜನರ ಕಣ್ಣು ಸಿಗುತ್ತಿರಲಿಲ್ಲ. ಎರಡು ಸಲ ದೊಡ್ಡಪ್ಪನನ್ನು ಕೈ ಹಿಡಿದು ಮನೆಗೆ ತಂದು ಬಿಟ್ಟಿದ್ದು ಆಟೋದವರೇ.

ಯಾರಾದರೂ ಕಾಣೆಯಾದರೆ ತಕ್ಷಣ 112ಕ್ಕೆ ಫೋನ್ ಮಾಡಿ. ಒಂದು ದಿನ ಕಾಯಬೇಕು ಅಂತ ಯಾವ ನಿಯಮವೂ ಇಲ್ಲ. ಇತ್ತೀಚಿನ ಫೋಟೋ ಒಂದು ಮೊಬೈಲಿನಲ್ಲಿ ಇರಲಿ. ಗವಿಮಠದ ಜಾತ್ರೆಗೋ ಹುಲಿಗೆಮ್ಮನ ಹುಣ್ಣಿಮೆಗೋ ಕರೆದುಕೊಂಡು ಹೋದರೆ ಹೊರಡುವ ಮುಂಚೆ ಆ ದಿನದ ಬಟ್ಟೆಯಲ್ಲೇ ಒಂದು ಫೋಟೋ ತೆಗೆದುಕೊಳ್ಳಿ.

ಬಳ್ಳಾರಿ ಜೀನ್ಸ್ ಅಂಗಡಿ

ನನಗೆ ಒಂದು ಅನುಮಾನ. ಬೇಜಾರು ಮಾಡಿಕೊಳ್ಳಬೇಡಿ. ಕಾಯಿಲೆಯ ಹೆಸರು ಗೊತ್ತಾದರೆ ಏನು ಬಂತು? ವಾಸಿ ಮಾಡುವ ಔಷಧಿ ಇಲ್ಲ ಅಂತಾರೆ. ಸುಮ್ನೆ ಸ್ಕ್ಯಾನಿಂಗ್, ಟೆಸ್ಟ್ ಅಂತ ದುಡ್ಡು ಹೋಗುತ್ತದೆ. ಓಣಿಯಲ್ಲಿ "ಅವರ ಮನೆಯಲ್ಲಿ ತಲೆ ಕೆಟ್ಟವರಿದ್ದಾರೆ" ಅಂತ ಸುದ್ದಿ ಆಗುತ್ತದೆ. ಮನೆಯಲ್ಲಿ ಮದುವೆ ವಯಸ್ಸಿನ ಹೆಣ್ಣುಮಕ್ಕಳು ಇರುತ್ತಾರೆ. ನಮ್ಮಪ್ಪ ಈಗ ಮಾತು ಮರೆಯುತ್ತಾರೆ, ಲೆಕ್ಕ ತಪ್ಪುತ್ತಾರೆ. ಪ್ರೀತಿಯಿಂದ ನೋಡಿಕೊಳ್ಳುತ್ತಿದ್ದೇವೆ. ಅಷ್ಟು ಸಾಲದಾ? ನಿಜವಾಗಿ ಕೇಳುತ್ತಿದ್ದೇನೆ.

ಕೊಪ್ಪಳ ಫಿಸಿಷಿಯನ್

ಜೀನ್ಸ್ ಅಂಗಡಿ ಅಣ್ಣ, ನೀವು ಕೇಳಿದ್ದನ್ನು ನನ್ನ ಹತ್ತಿರ ಬರುವವರಲ್ಲಿ ಸುಮಾರು ಜನ ಕೇಳುತ್ತಾರೆ. ಪ್ರೀತಿ ಬೇಕೇ ಬೇಕು. ಆದರೆ ಮರೆವಿಗೆ ವಿಟಮಿನ್ ಬಿ12 ಕೊರತೆ ಕಾರಣ ಆಗಿದ್ದರೆ ಅದು ಪ್ರೀತಿಯಿಂದ ತುಂಬುವುದಿಲ್ಲ.

ಡಾಕ್ಟರಿಗೆ ತೋರಿಸಬೇಕು ಅನ್ನುವುದಕ್ಕೆ ಮೊದಲ ಕಾರಣ ಇದೇ. ಮರೆವು ಅಂತ ಬಂದವರೆಲ್ಲರಿಗೂ ಡಿಮೆನ್ಷಿಯಾ ಇರುವುದಿಲ್ಲ. ಥೈರಾಯ್ಡ್ ಕಡಿಮೆ ಆದರೂ ಹೀಗೇ ಆಗುತ್ತದೆ. ಗಂಡ ತೀರಿಕೊಂಡ ಮೇಲೆ ಮಂಕಾದ ಅಜ್ಜಿಗೆ ಇರುವುದು ಖಿನ್ನತೆ ಆಗಿರಬಹುದು. ಬಚ್ಚಲಲ್ಲಿ ಜಾರಿ ತಲೆಗೆ ಪೆಟ್ಟು ಬಿದ್ದು, ಮೆದುಳಿನ ಮೇಲೆ ನಿಧಾನಕ್ಕೆ ರಕ್ತ ಕಟ್ಟಿಕೊಂಡು, ವಾರಗಳ ನಂತರ ಗೊಂದಲ ಶುರುವಾಗುವುದೂ ಇದೆ. ಮನೆಯವರು ಆ ಪೆಟ್ಟನ್ನೇ ಮರೆತಿರುತ್ತಾರೆ. ಇವುಗಳಿಗೆಲ್ಲ ಚಿಕಿತ್ಸೆ ಇದೆ. ರಕ್ತ ಪರೀಕ್ಷೆ ದೊಡ್ಡ ಖರ್ಚಲ್ಲ. ಅರಳು ಮರಳು ಅಂತ ಕೂರಿಸಿದರೆ ವಾಸಿಯಾಗುವವರೂ ವಾಸಿಯಾಗದೆ ಹೋಗುತ್ತಾರೆ. ನನಗೆ ತಡೆಯಲಾಗದ ದುಃಖ ಅಂದರೆ ಇದು.

ಎರಡನೆಯದು ನಮ್ಮ ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರಿನ ಬಿಸಿಲು ನಿಮಗೆ ಹೇಳಬೇಕಾಗಿಲ್ಲ. ಹಿರಿಯರಿಗೆ ನೀರಡಿಕೆ ಗೊತ್ತಾಗುವುದು ಕಡಿಮೆ. ಬಿಪಿಗೆ ಮೂತ್ರ ಹೋಗಿಸುವ ಗುಳಿಗೆ ತಗೊಳ್ಳುತ್ತಿದ್ದರೆ ಸೋಡಿಯಂ ಇಳಿಯಬಹುದು. ನಿನ್ನೆ ಚೆನ್ನಾಗಿದ್ದವರು ಇವತ್ತು ಬಡಬಡಿಸಲು ಶುರು ಮಾಡಿದರೆ, ಯಾರೂ ಇಲ್ಲದ ಕಡೆ ಕೈ ತೋರಿಸಿದರೆ, ಅಥವಾ ಎಬ್ಬಿಸಿದರೂ ಏಳದಷ್ಟು ಮಂಪರಾದರೆ ಅದು ತುರ್ತು. ಉರಿಮೂತ್ರದ ಸೋಂಕು, ನ್ಯುಮೋನಿಯಾ, ಲಕ್ವಾ, ಏನು ಬೇಕಾದರೂ ಇರಬಹುದು. ಡಿಮೆನ್ಷಿಯಾ ತಿಂಗಳು, ವರ್ಷಗಳಲ್ಲಿ ಬರುತ್ತದೆ. ಗಂಟೆಗಳಲ್ಲಿ, ದಿನಗಳಲ್ಲಿ ಬಂದ ಗೊಂದಲವನ್ನು ಅದೇ ದಿನ ತೋರಿಸಬೇಕು. "ಗಾಳಿ ಸೋಕೇತಿ" ಅಂತ ಅಮವಾಸ್ಯೆವರೆಗೆ ಕಾಯಬೇಡಿ. ಗುಡಿಗೆ, ದರ್ಗಾಕ್ಕೆ ಹೋಗುವುದು ನಿಮ್ಮ ನಂಬಿಕೆ. ಮೊದಲು ದವಾಖಾನೆಗೆ ಬನ್ನಿ, ಅಲ್ಲಿಗೂ ಹೋಗಿ.

ನಿಜವಾಗಿಯೂ ಆಲ್ಝೈಮರ್ಸ್ ಇದ್ದರೆ ಏನು ಮಾಡುವುದು? ಡೊನೆಪೆಜಿಲ್, ರಿವಾಸ್ಟಿಗ್ಮಿನ್, ಮೆಮಾಂಟಿನ್ ಅನ್ನುವ ಔಷಧಿಗಳಿವೆ. ಅವು ಕಾಯಿಲೆಯನ್ನು ಬುಡಸಮೇತ ತೆಗೆಯುವುದಿಲ್ಲ. ಕೆಲವರಿಗೆ ಸ್ವಲ್ಪ ಕಾಲ ನೆನಪು, ದಿನದ ಕೆಲಸ ಒಂದು ಮಟ್ಟದಲ್ಲಿ ನಿಲ್ಲಲು ಸಹಾಯ ಮಾಡುತ್ತವೆ. ಎಲ್ಲರಿಗೂ ಹೊಂದುವುದಿಲ್ಲ. ಡೊನೆಪೆಜಿಲ್‌ನಿಂದ ಹೊಟ್ಟೆ ತೊಳೆಸಬಹುದು, ನಾಡಿ ನಿಧಾನ ಆಗಬಹುದು. ಅದಕ್ಕೆ ಡಾಕ್ಟರ್ ನೋಡಿಯೇ ಕೊಡಬೇಕು.

ಇನ್ನು ಮುಂಚೆಯೇ ತಡೆಯುವ ಮಾತು. 2024ರಲ್ಲಿ ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ತಂಡ 14 ಕಾರಣಗಳನ್ನು ಹೆಸರಿಸಿತು. ಅವನ್ನೆಲ್ಲ ಸರಿಮಾಡಿದರೆ 100ಕ್ಕೆ ಸುಮಾರು 45 ಪಾಲು ಡಿಮೆನ್ಷಿಯಾವನ್ನು ತಡೆಯಬಹುದು ಅಥವಾ ಮುಂದೂಡಬಹುದು ಅನ್ನುವುದು ಅವರ ಲೆಕ್ಕ. ಬಿಪಿ, ಶುಗರ್, ಬೀಡಿ ಸಿಗರೇಟು, ಕುಡಿತ, ತಲೆಪೆಟ್ಟು, ಒಂಟಿತನ ಅದರಲ್ಲಿವೆ. ಜನಕ್ಕೆ ಗೊತ್ತಿಲ್ಲದ ಎರಡು ಅಂದರೆ ಕಿವಿ ಮತ್ತು ಕಣ್ಣು. ಕಿವಿ ಕೇಳಿಸದವರನ್ನು ನಾವು "ಕಿವುಡಜ್ಜ" ಅಂತ ಕಟ್ಟೆಯ ಮೇಲೆ ಒಬ್ಬರನ್ನೇ ಕೂರಿಸುತ್ತೇವೆ. ಪೊರೆ ಬಂದ ಕಣ್ಣಿಗೆ ಆಪರೇಷನ್ ಮುಂದೂಡುತ್ತೇವೆ. ಎರಡನ್ನೂ ಸರಿಮಾಡಿಸಿ. ಬೈಕ್ ಹತ್ತುವ ಮಕ್ಕಳಿಗೆ ಹೆಲ್ಮೆಟ್ ಹಾಕಿಸಿ.

ಮಾನ್ವಿ ಸೊಸೆ

ನಾನು ಮನೆಯೊಳಗಿನದು ಹೇಳುತ್ತೇನೆ. ಡಾಕ್ಟರು ಹೇಳದ ಭಾಗ ಅದು.

ನಮ್ಮ ಅತ್ತೆ ಕೈಯ ಜೋಳದ ರೊಟ್ಟಿ ಓಣಿಗೆಲ್ಲ ಹೆಸರು. ಹಾಳೆಯಂಥ ರೊಟ್ಟಿ. ಒಂದು ದಿನ ಹಿಟ್ಟು ನಾದುತ್ತಾ ಕೂತವರು ನಾದುತ್ತಲೇ ಇದ್ದರು. ಹಂಚು ಕಾದು ಹೊಗೆ ಬರುತ್ತಿತ್ತು. "ಅತ್ತಿ, ಬಡೀರಿ" ಅಂದೆ. ಕೈಯಲ್ಲಿ ಹಿಟ್ಟಿನ ಉಂಡೆ ಹಿಡಿದು ನನ್ನ ಮುಖ ನೋಡಿದರು. ಮುಂದೆ ಏನು ಮಾಡಬೇಕು ಅನ್ನುವುದು ಅವರಿಗೆ ತಿಳಿಯಲಿಲ್ಲ. ಹಿಟ್ಟು ಗೊತ್ತು, ನೀರು ಗೊತ್ತು, ಬೆಂಕಿ ಗೊತ್ತು. ಒಂದಾದ ಮೇಲೆ ಇನ್ನೊಂದು ಅನ್ನುವ ಸರಣಿ ಹೋಗಿತ್ತು. ಮರೆವು ಅಂದರೆ ಹೆಸರು ಮರೆಯುವುದು ಅಷ್ಟೇ ಅಂದುಕೊಂಡವರು ಇದನ್ನು ಗಮನಿಸಬೇಕು.

ಅಡುಗೆಮನೆಯಿಂದ ದೂರ ಇಡಿ ಅಂದರು ಕೆಲವರು. ಹಾಗೆ ಮಾಡಿದರೆ ಇಡೀ ದಿನ ಅಳುತ್ತಿದ್ದರು. ಈಗ ಬೆಂಕಿಯ ಕೆಲಸ ನನ್ನದು. ಶೇಂಗಾ ಸುಲಿಯುವುದು, ತೊಗರಿ ಹಸನು ಮಾಡುವುದು, ಬೆಳ್ಳುಳ್ಳಿ ಬಿಡಿಸುವುದು ಅವರದು. ಮೊರ ತೊಡೆಯ ಮೇಲೆ ಇಟ್ಟರೆ ಕೈ ತಾನೇ ಕೆಲಸ ಮಾಡುತ್ತದೆ. ಕಲ್ಲು ಒಂದು ಕಡೆ, ಕಾಳು ಒಂದು ಕಡೆ. ಮಾತು ಕಡಿಮೆ, ಮುಖ ಶಾಂತ. ಸುಲಿದ ಶೇಂಗಾದಲ್ಲಿ ಸಿಪ್ಪೆ ಉಳಿದಿದ್ದರೆ ಅವರು ಮಲಗಿದ ಮೇಲೆ ನಾನು ತೆಗೆಯುತ್ತೇನೆ. ಅವರ ಮುಂದೆ ತೆಗೆಯುವುದಿಲ್ಲ.

ಸಂಜೆ ದೀಪ ಹಚ್ಚುವ ಹೊತ್ತು ಬಲು ಕಷ್ಟ. "ನಮ್ಮನಿಗೆ ಹೋಗ್ತೀನಿ, ಅವ್ವ ಕಾಯ್ತಿರ್ತಾಳ" ಅಂತ ಸೀರೆ ಗಂಟು ಕಟ್ಟಿಕೊಂಡು ನಿಲ್ಲುತ್ತಾರೆ. ಅವರ ಅವ್ವ ತೀರಿ ಎಷ್ಟೋ ವರ್ಷ ಆಯಿತು. ಅದನ್ನು ಹೇಳಿದರೆ ಇವತ್ತೇ ಸತ್ತಂತೆ ಅಳುತ್ತಾರೆ. ಹಾಗಾಗಿ ವಾದ ಮಾಡುವುದಿಲ್ಲ. "ಹೋಗೋಣ ಬರ್ರಿ, ನಾನೂ ಬರ್ತೀನಿ" ಅಂತ ಕೈ ಹಿಡಿದು ಓಣಿ ಒಂದು ಸುತ್ತು ಹಾಕಿಸುತ್ತೇನೆ. ತವರುಮನೆಯ ಬೇವಿನ ಮರ, ಎಮ್ಮೆ, ಬಾವಿ ಬಗ್ಗೆ ಕೇಳುತ್ತೇನೆ. ಅವು ಚೆನ್ನಾಗಿ ನೆನಪಿವೆ. ಮನೆ ಬಾಗಿಲಿಗೆ ಬರುವಷ್ಟರಲ್ಲಿ ಮನಸ್ಸು ತಿಳಿಯಾಗಿರುತ್ತದೆ. ಸಂಜೆಗೆ ಮುಂಚೆಯೇ ಎಲ್ಲಾ ಲೈಟ್ ಹಾಕಿದರೆ ಗಾಬರಿ ಸ್ವಲ್ಪ ಕಡಿಮೆ.

ಎಲ್ಲಕ್ಕಿಂತ ನೋಯಿಸುವುದು ಹೊರಗಿನವರ ಮಾತು. ಉಂಡು ಕೈ ತೊಳೆದ ಮೇಲೆ ಕಟ್ಟೆಗೆ ಹೋಗಿ "ಸೊಸಿ ಊಟ ಹಾಕಿಲ್ಲ" ಅನ್ನುತ್ತಾರೆ. ಕೊರಳಿನ ಬೋರಮಾಳ ಎಲ್ಲೋ ತಾವೇ ಇಟ್ಟು ನಾನು ಕದ್ದೆ ಅನ್ನುತ್ತಾರೆ. ಅದು ಕಾಯಿಲೆ ಆಡಿಸುವ ಮಾತು ಅಂತ ನನಗೆ ಗೊತ್ತು. ಓಣಿಯವರಿಗೆ ಗೊತ್ತಿಲ್ಲ. ಅವರು ನಂಬುತ್ತಾರೆ. ನಾದಿನಿಯೂ ನಂಬಿದಳು. ಜಾಗೃತಿ ಅಂದರೆ ನನಗೆ ಮೊದಲು ಬೇಕಾದದ್ದು ಇದೇ: ಹೀಗೆ ಹೇಳುವ ಅಜ್ಜಿ ಸಿಕ್ಕರೆ ಆಕೆಯ ಕೈ ಹಿಡಿದು ಸಮಾಧಾನ ಮಾಡಿ, ಸೊಸೆಯ ಮೇಲೆ ತೀರ್ಪು ಕೊಡಬೇಡಿ.

ಗಂಗಾವತಿ ಟೀಚರ್

ಅಕ್ಕಾ, ನಿಮ್ಮ ಬರಹ ಓದಿ ಕಣ್ಣು ತುಂಬಿತು. ನಿಮಗೆ ಯಾರು ಸಹಾಯ ಮಾಡುತ್ತಾರೆ? ನಿಮ್ಮ ನಿದ್ದೆ, ಊಟ?

ಮಾನ್ವಿ ಸೊಸೆ

ಗಂಡ ಒಳ್ಳೆಯವರು. ಆದರೆ ಸ್ನಾನ, ಬಟ್ಟೆ, ಬಚ್ಚಲು ಎಲ್ಲಾ ನನ್ನ ಪಾಲಿಗೇ. ನಾದಿನಿಗೆ ವಿಷಯ ತಿಳಿಯಲಿ ಅಂತ ಒಂದು ವಾರ ಅತ್ತೆಯನ್ನು ಅವಳ ಮನೆಯಲ್ಲಿ ಇರಿಸಿದೆವು. ಅಲ್ಲೂ "ಊಟ ಹಾಕಿಲ್ಲ" ಅಂದರು. ಆಮೇಲೆ ಅವಳೇ ಫೋನ್ ಮಾಡಿ ಅತ್ತಳು. ಈಗ ತಿಂಗಳಿಗೆ ಒಂದಷ್ಟು ದಿನ ಬಂದು ಇದ್ದು ಹೋಗುತ್ತಾಳೆ. ನಾನು ಆಗ ತವರಿಗೆ ಹೋಗಿ ಮಲಗುತ್ತೇನೆ. ಬರೀ ಮಲಗುತ್ತೇನೆ.

ಸಿರುಗುಪ್ಪ ಮೆಡಿಕಲ್

ನಾನು ಔಷಧಿ ಅಂಗಡಿಯವನು. ಕೌಂಟರಿನಲ್ಲಿ ನೋಡಿದ್ದನ್ನು ಹೇಳುತ್ತೇನೆ. "ಅಜ್ಜಿ ರಾತ್ರಿ ಮಲಗಲ್ಲ, ಒದರ್ತಾಳ, ಒಂದು ನಿದ್ದೆ ಗುಳಿಗೆ ಕೊಡಿ" ಅಂತ ಚೀಟಿ ಇಲ್ಲದೆ ಬರುತ್ತಾರೆ. ಅವರ ಕಷ್ಟ ನನಗೆ ಅರ್ಥ ಆಗುತ್ತದೆ. ಆದರೂ ಕೊಡುವುದಿಲ್ಲ. ಆಲ್ಪ್ರಜೋಲಮ್‌ನಂಥ ಗುಳಿಗೆ ಚೀಟಿ ಇಲ್ಲದೆ ಮಾರುವಂತಿಲ್ಲ. ಅದಕ್ಕಿಂತ ಮುಖ್ಯ, ಡಿಮೆನ್ಷಿಯಾ ಇದ್ದವರಿಗೆ ಅದರಿಂದ ಗೊಂದಲ ಜಾಸ್ತಿ ಆಗುತ್ತದೆ, ರಾತ್ರಿ ಎದ್ದು ಬಿದ್ದು ಚಪ್ಪೆ ಮುರಿದುಕೊಳ್ಳುತ್ತಾರೆ. ನೆಗಡಿ, ತುರಿಕೆಗೆ ಕೊಡುವ ಹಳೆಯ ಗುಳಿಗೆಗಳು, ಸಿಪಿಎಂ, ಅವಿಲ್ ತರಹದವು, ಅವೂ ಮುದುಕರ ತಲೆಯನ್ನು ಮಂಕು ಮಾಡುತ್ತವೆ.

ಕೊಪ್ಪಳ ಡಾಕ್ಟರೇ, ಸಿಟ್ಟು ಕಡಿಮೆಯಾಗಲು ಕೊಡುವ ಗುಳಿಗೆಗಳ ಬಗ್ಗೆಯೂ ಒಂದು ಮಾತು ಹೇಳಿ.

ಕೊಪ್ಪಳ ಫಿಸಿಷಿಯನ್

ಸರಿಯಾಗಿ ಹೇಳಿದಿರಿ ಅಣ್ಣ. ಹ್ಯಾಲೊಪೆರಿಡಾಲ್, ರಿಸ್ಪೆರಿಡೋನ್ ಅಂಥವು ಡಿಮೆನ್ಷಿಯಾ ಇರುವ ಹಿರಿಯರಲ್ಲಿ ಲಕ್ವಾ ಮತ್ತು ಸಾವಿನ ಅಪಾಯವನ್ನು ಹೆಚ್ಚಿಸುತ್ತವೆ. ಲೆವಿ ಬಾಡಿ ಅನ್ನುವ ಬಗೆಯ ಡಿಮೆನ್ಷಿಯಾದಲ್ಲಿ ಹ್ಯಾಲೊಪೆರಿಡಾಲ್ ಕೊಟ್ಟರೆ ಮೈ ಕಟ್ಟಿಗೆಯಾಗಿ ಪ್ರಾಣಕ್ಕೇ ಬರಬಹುದು. ಬೇರೆ ದಾರಿಯೇ ಇಲ್ಲದಾಗ, ಕಡಿಮೆ ಡೋಸಿನಲ್ಲಿ, ಸ್ವಲ್ಪ ದಿನ ಮಾತ್ರ. ಅಜ್ಜಿ ಒದರುತ್ತಿದ್ದರೆ ಮೊದಲು ನೋವು ಇದೆಯಾ, ಮಲ ಕಟ್ಟಿದೆಯಾ, ಉರಿಮೂತ್ರ ಇದೆಯಾ ಅಂತ ನೋಡಬೇಕು. ಆಕೆಗೆ ಹೇಳಲು ಬಾರದೆ ಒದರುತ್ತಿರಬಹುದು.

ಕುಷ್ಟಗಿಯವನು, ಈಗ ಬೆಂಗಳೂರು

ನಾನು ಇಲ್ಲಿ ಸೆಂಟ್ರಿಂಗ್ ಕೆಲಸದಲ್ಲಿದ್ದೇನೆ. ಊರಲ್ಲಿ ಅವ್ವ ಒಬ್ಬಳೇ. ಫೋನಿನಲ್ಲಿ ಚೆನ್ನಾಗಿಯೇ ಮಾತಾಡುತ್ತಾಳೆ. "ಉಂಡಿ ಏನಪಾ, ಮಳಿ ಬಂತೇನು" ಅಂತಾಳೆ. ಆದರೆ ಪಕ್ಕದ ಮನೆಯವರು ಪಿಂಚಣಿ ದುಡ್ಡು ಎಲ್ಲಿಟ್ಟಳು ಅಂತ ಅವಳಿಗೇ ತಿಳಿಯುತ್ತಿಲ್ಲ ಅಂತಾರೆ. ಯಾರನ್ನು ನಂಬಲಿ? ಇಲ್ಲಿಂದ ಹೇಗೆ ಗೊತ್ತು ಮಾಡಿಕೊಳ್ಳುವುದು?

ರಾಯಚೂರು ನರ್ಸ್

ತಮ್ಮಾ, ಇಬ್ಬರನ್ನೂ ನಂಬು. ಉಂಡಿ ಏನಪಾ ಅನ್ನುವುದು ವರ್ಷಗಟ್ಟಲೆ ಆಡಿದ ಮಾತು, ಅದು ಬಹಳ ಕಾಲ ಉಳಿಯುತ್ತದೆ. ಹೋಗುವುದು ಹೊಸ ನೆನಪು. ಮೊನ್ನೆ ಯಾರು ಮನೆಗೆ ಬಂದಿದ್ದರು, ಸಂತೆಯಲ್ಲಿ ಏನು ತಂದೆ, ಉಳಿದ ದುಡ್ಡು ಎಷ್ಟು ಅಂತ ಕೇಳು. ಪರೀಕ್ಷೆ ಮಾಡಿದಂತೆ ಬೇಡ, ಮಾತಿನ ನಡುವೆ ಕೇಳು. ಒಂದೇ ಕರೆಯಲ್ಲಿ ಅದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಾಳಾ ನೋಡು. ಸಾಧ್ಯವಾದರೆ ವಿಡಿಯೋ ಕಾಲ್ ಮಾಡು. ಮನೆ, ಬಟ್ಟೆ, ಒಲೆ ಹೇಗಿದೆ ಅಂತ ಕಾಣುತ್ತದೆ. ಸೊರಗಿದ್ದಾಳಾ ಅಂತಲೂ ನೋಡು, ಉಣ್ಣುವುದನ್ನೇ ಮರೆಯುತ್ತಿರಬಹುದು.

ನಿಮ್ಮೂರಿನ ಆಶಾ ಕಾರ್ಯಕರ್ತೆಗೆ ಫೋನ್ ಮಾಡಿ ಮನೆಗೆ ಹೋಗಿ ಬರಲು ಹೇಳು. 14567 ಹಿರಿಯ ನಾಗರಿಕರ ಸಹಾಯವಾಣಿ. 14416 ಟೆಲಿ ಮಾನಸ್ ಅನ್ನುವ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಅವ್ವನಿಗಷ್ಟೇ ಅಲ್ಲ, ನಿನ್ನ ಚಿಂತೆಗೂ ಅಲ್ಲಿ ಮಾತಾಡಬಹುದು. ಮುಂದಿನ ಹಬ್ಬಕ್ಕೆ ಊರಿಗೆ ಬಂದಾಗ ಒಂದು ದಿನ ಜಾಸ್ತಿ ರಜೆ ಹಾಕು. ಆ ದಿನ ಆಸ್ಪತ್ರೆಗೆ ಅಂತಲೇ ಇಟ್ಟುಕೋ.

ಲಿಂಗಸುಗೂರು ವಕೀಲ

ಪಿಂಚಣಿ, ದುಡ್ಡಿನ ಮಾತು ಬಂತು. ಹಾಗಾಗಿ ಕಾನೂನಿನ ವಿಷಯ ಹೇಳಲೇಬೇಕು. ನಮ್ಮ ಕಡೆ ಹೊಲ ಅಂದರೆ ಜೀವ. ಅಪ್ಪನಿಗೆ ನೆನಪು ಹೋಗುತ್ತಿದೆ ಅಂತ ಗೊತ್ತಾದ ಕೂಡಲೇ ಒಬ್ಬ ಮಗ ಹೆಬ್ಬೆಟ್ಟು ಒತ್ತಿಸಿಕೊಂಡು ಬರುವುದನ್ನು ನೋಡಿದ್ದೇನೆ. ಆಮೇಲೆ ಅಣ್ಣತಮ್ಮಂದಿರು ಕೋರ್ಟು ಕಚೇರಿ ಅಲೆಯುತ್ತಾರೆ, ಅಪ್ಪನನ್ನು ನೋಡುವವರಿಲ್ಲ. 1872ರ ಕರಾರು ಕಾಯ್ದೆ ಪ್ರಕಾರ, ತಾನು ಏನಕ್ಕೆ ಒಪ್ಪುತ್ತಿದ್ದೇನೆ ಅಂತ ತಿಳಿಯದ ಸ್ಥಿತಿಯಲ್ಲಿರುವವರು ಮಾಡಿದ ಕರಾರು ನಿಲ್ಲುವುದಿಲ್ಲ. ಮುಖ್ತ್ಯಾರ್ ಪತ್ರ ಇದೆಯಲ್ಲ ಅಂತೀರಿ. ಬರೆದುಕೊಟ್ಟವರ ಬುದ್ಧಿ ಸ್ಥಿಮಿತ ತಪ್ಪಿದರೆ ಆ ಅಧಿಕಾರವೂ ಮುಗಿಯುತ್ತದೆ. ಇದು ಸುಮಾರು ಜನಕ್ಕೆ ಗೊತ್ತಿಲ್ಲ.

ಅದಕ್ಕೇ ಬೇಗ ಗೊತ್ತಾಗಬೇಕು ಅನ್ನುವುದು. ಮೊದಲ ಹಂತದಲ್ಲಿ ಅವರಿಗೆ ಇನ್ನೂ ಎಲ್ಲಾ ತಿಳಿಯುತ್ತಿರುತ್ತದೆ. ಆಗಲೇ ಡಾಕ್ಟರ ಸರ್ಟಿಫಿಕೇಟ್ ಪಡೆದು ಅವರ ಇಷ್ಟದಂತೆ ಮೃತ್ಯುಪತ್ರ ನೋಂದಣಿ ಮಾಡಿಸಿ. ಬ್ಯಾಂಕ್ ಖಾತೆಗೆ ನಾಮಿನಿ ಹಾಕಿಸಿ, ಜಂಟಿ ಖಾತೆ ಮಾಡಿಸಿ. ಎಲ್ಲಾ ಮಕ್ಕಳ ಮುಂದೆ ಮಾಡಿಸಿ.

ಆಸ್ತಿ ಬರೆಸಿಕೊಂಡು ನೋಡಿಕೊಳ್ಳದೆ ಬಿಟ್ಟರೆ 2007ರ ಹಿರಿಯ ನಾಗರಿಕರ ಕಾಯ್ದೆ ಇದೆ. ಉಪವಿಭಾಗಾಧಿಕಾರಿಗಳ, ಅಂದರೆ ಎಸಿಯವರ ಮುಂದೆ ಅರ್ಜಿ ಹಾಕಬಹುದು. ಆರೈಕೆಯ ಷರತ್ತಿನ ಮೇಲೆ ಕೊಟ್ಟ ದಾನಪತ್ರವನ್ನು ರದ್ದು ಮಾಡುವ ಅಧಿಕಾರ ಅಲ್ಲಿದೆ. ಆ ಷರತ್ತು ಪತ್ರದಲ್ಲೇ ಬರೆದಿರುವಂತೆ ನೋಡಿಕೊಳ್ಳಿ. ಡಿಮೆನ್ಷಿಯಾ ಇದ್ದವರಿಗೆ ಅಂಗವೈಕಲ್ಯ ಪ್ರಮಾಣಪತ್ರವೂ ಸಿಗುತ್ತದೆ. ಅಂಗವೈಕಲ್ಯ ಎಷ್ಟು ಅಂತ ಅಳೆಯುವ ಪದ್ಧತಿಯಲ್ಲಿ ಈ ಕಾಯಿಲೆಯ ಹೆಸರು ಇದೆ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿ.

ಬಳ್ಳಾರಿ ಜೀನ್ಸ್ ಅಂಗಡಿ

ಎಲ್ಲವನ್ನೂ ಓದಿದೆ. ಅಪ್ಪನ ಬಗ್ಗೆ ಇನ್ನೊಂದು ಕೇಳಬೇಕು. ಅವರು ಮನೆಯಲ್ಲಿ ತೆಲುಗು, ವ್ಯಾಪಾರದಲ್ಲಿ ಕನ್ನಡ, ಕೌಲ್ ಬಜಾರಿನ ಗಿರಾಕಿಗಳ ಜೊತೆ ಉರ್ದು ಮಾತಾಡಿಕೊಂಡು ಬಂದವರು. ಈಗ ಕನ್ನಡದಲ್ಲಿ ಕೇಳಿದರೆ ತೆಲುಗಿನಲ್ಲಿ ಉತ್ತರ ಬರುತ್ತದೆ. ಮೊಮ್ಮಕ್ಕಳಿಗೆ ತೆಲುಗು ಅಷ್ಟಾಗಿ ಬರುವುದಿಲ್ಲ. ಅಪ್ಪ ಶಾಲೆಗೆ ಹೋದವರೂ ಅಲ್ಲ. ನೆನಪಿನ ಪರೀಕ್ಷೆಗೆ ಅಂತ ಡಾಕ್ಟರು ಗಡಿಯಾರದ ಚಿತ್ರ ಬರೆಯಿರಿ, ತಾರೀಖು ಹೇಳಿ ಅಂದರೆ ಅಪ್ಪ ಏನು ಮಾಡಬೇಕು? ಫೇಲ್ ಆದರು ಅಂತ ಬರೆದುಬಿಡುತ್ತಾರಾ?

ಕೊಪ್ಪಳ ಫಿಸಿಷಿಯನ್

ಅಕ್ಷರ ಬಾರದವರಿಗೆ ಗಡಿಯಾರ ಬರೆಸುವುದು ಅನ್ಯಾಯ. ತಿಳಿದ ಡಾಕ್ಟರು ತಾರೀಖು ಕೇಳುವುದಿಲ್ಲ. ಯಾವ ಹುಣ್ಣಿಮೆ ಮುಗಿಯಿತು, ಇವತ್ತು ಯಾವ ವಾರ, ಹೊಲದಲ್ಲಿ ಈಗ ಏನಿದೆ, ಐವತ್ತು ರೂಪಾಯಿ ಕೊಟ್ಟು ಮೂವತ್ತರದ್ದು ತಂದರೆ ಉಳಿದದ್ದೆಷ್ಟು, ಹೀಗೆ ಕೇಳುತ್ತಾರೆ. ಅದಕ್ಕಿಂತ ಮುಖ್ಯವಾಗಿ ಮನೆಯವರನ್ನು ಕೇಳುತ್ತಾರೆ: ಮೊದಲು ಮಾಡುತ್ತಿದ್ದ ಯಾವ ಕೆಲಸ ಈಗ ಆಗುತ್ತಿಲ್ಲ? ನಮ್ಮ ದೇಶದ ಭಾಷೆಗಳಿಗೇ ಹೊಂದುವ ಪರೀಕ್ಷೆಗಳನ್ನು ಕೇಂದ್ರ ಸರ್ಕಾರದ ವೈದ್ಯಕೀಯ ಸಂಶೋಧನಾ ಸಂಸ್ಥೆ ಐಸಿಎಂಆರ್ ಸಿದ್ಧ ಮಾಡಿಸಿದೆ. ಹಿಂದಿ, ಬಂಗಾಳಿ, ಮಲಯಾಳಂ ಜೊತೆ ಕನ್ನಡ, ತೆಲುಗು ಎರಡರಲ್ಲೂ ಇವೆ. ಅಪ್ಪನಿಗೆ ತೆಲುಗಿನಲ್ಲೇ ಮಾಡಿಸಿ ಅಂತ ಕೇಳಿ.

ಮೊದಲ ಭಾಷೆಗೆ ಮರಳುವುದು ಈ ಕಾಯಿಲೆಯಲ್ಲಿ ಸಾಮಾನ್ಯ. ಮಕ್ಕಳಿಗೆ ನಾಲ್ಕು ತೆಲುಗು ಮಾತು ಕಲಿಸಿ, ತಾತನ ಜೊತೆ ಕೂರಿಸಿ. ಹೈದರಾಬಾದಿನಲ್ಲಿ 648 ರೋಗಿಗಳನ್ನು ನೋಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದೆ. ಒಂದೇ ಭಾಷೆಯವರಿಗಿಂತ ಎರಡು ಅಥವಾ ಹೆಚ್ಚು ಭಾಷೆ ಆಡುವವರಲ್ಲಿ ಡಿಮೆನ್ಷಿಯಾ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಂಡಿತು, ಅಕ್ಷರ ಬಾರದವರಲ್ಲೂ. ನಮ್ಮ ಬಳ್ಳಾರಿ, ರಾಯಚೂರಿನ ಸಂತೆಯಲ್ಲಿ ಮೂರು ಭಾಷೆ ಆಡುವವರಿಗೆ ಇದನ್ನು ಹೇಳಲು ನನಗೆ ಖುಷಿ.

ಬಳ್ಳಾರಿ ನಿವೃತ್ತ ಆರೋಗ್ಯ ಸಹಾಯಕ

ಒಂದು ಹಳೆಯ ವಿಷಯ ಹೊಸಬರಿಗೆ ಗೊತ್ತಿರಲಿ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ ಆಗಿದ್ದು ನಮ್ಮ ಬಳ್ಳಾರಿ. 1985ರಿಂದ 1990ರವರೆಗೆ ನಿಮ್ಹಾನ್ಸ್‌ನವರು ಇಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ, ನಮ್ಮಂಥ ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟರು. ಹಳ್ಳಿಯ ದವಾಖಾನೆಯಲ್ಲೇ ಮೂರ್ಛೆರೋಗಕ್ಕೆ, ಮಾನಸಿಕ ಕಾಯಿಲೆಗೆ ಗುಳಿಗೆ ಸಿಗುವಂತಾಯಿತು. ಅದನ್ನು ನೋಡಿಯೇ 1996ರಲ್ಲಿ ಕೇಂದ್ರ ಸರ್ಕಾರ ಬೇರೆ ಜಿಲ್ಲೆಗಳಿಗೂ ತಂದಿತು. ಮೂರ್ಛೆರೋಗ ಬಂದವರನ್ನು ದೂರ ಇಡುತ್ತಿದ್ದ ಕಾಲ ಅದು. ಮನೆಮನೆಗೆ ಹೋಗಿ ಹೇಳಿದಾಗ ಜನ ಕೇಳಿದರು. ಡಿಮೆನ್ಷಿಯಾದ ಮಾತನ್ನೂ ಕೇಳುತ್ತಾರೆ. ನಮ್ಮ ಜನರ ಬಗ್ಗೆ ನನಗೆ ಆ ನಂಬಿಕೆ ಇದೆ.

ಈಗಂತೂ ದಾರಿಗಳು ಜಾಸ್ತಿ. ತಾಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ಮನೋವೈದ್ಯರು ನೋಡುತ್ತಾರೆ. ಹೋಗುವ ಮುಂಚೆ ಫೋನ್ ಮಾಡಿ ಕೇಳಿಕೊಳ್ಳಿ. 2022ರಲ್ಲಿ ರಾಜ್ಯ ಸರ್ಕಾರ ನಿಮ್ಹಾನ್ಸ್ ಜೊತೆ ಸೇರಿ ಮೆದುಳಿನ ಆರೋಗ್ಯಕ್ಕೆ ಕಾಭಿ ಅನ್ನುವ ಯೋಜನೆ ಶುರು ಮಾಡಿತು. ತಲೆನೋವು, ಮೂರ್ಛೆ, ಲಕ್ವಾ ಜೊತೆ ಡಿಮೆನ್ಷಿಯಾವೂ ಅದರಲ್ಲಿದೆ. ಜಿಲ್ಲಾ ಆಸ್ಪತ್ರೆಯಲ್ಲಿ ಬ್ರೈನ್ ಹೆಲ್ತ್ ಕ್ಲಿನಿಕ್ ಯಾವ ದಿನ ಅಂತ ಕೇಳಿ.

ಗಂಗಾವತಿ ಟೀಚರ್

ಸೆಪ್ಟೆಂಬರ್ 21 ವಿಶ್ವ ಆಲ್ಝೈಮರ್ಸ್ ದಿನ. ಸಭಾಂಗಣದಲ್ಲಿ ಭಾಷಣ ಇಟ್ಟರೆ ಬರಬೇಕಾದವರು ಬರುವುದಿಲ್ಲ. ಸೊಸೆಯಂದಿರಿಗೆ ಮನೆ ಬಿಡಲು ಆಗುವುದಿಲ್ಲ ಅಲ್ವಾ? ಅದಕ್ಕೇ ಸ್ವಸಹಾಯ ಸಂಘದ ವಾರದ ಸಭೆಗೇ ನಾವು ಹೋಗೋಣ ಅಂದುಕೊಂಡಿದ್ದೇನೆ. ಸಾಲದ ಕಂತು ಕಟ್ಟಲು ಹೇಗೂ ಬಂದಿರುತ್ತಾರೆ. ಕಾಲು ಗಂಟೆ ಸಾಕು. ಮಾನ್ವಿ ಅಕ್ಕ ಹೇಳಿದ "ಊಟ ಹಾಕಿಲ್ಲ" ಅನ್ನುವ ಮಾತಿನಿಂದಲೇ ಶುರು ಮಾಡಿದರೆ ಪ್ರತಿ ಹೆಂಗಸೂ ಕಿವಿ ಕೊಡುತ್ತಾಳೆ. ಶಾಲೆಯಲ್ಲಿ ಪ್ರಾರ್ಥನೆ ಹೊತ್ತಿಗೆ ನಾನು ಮಕ್ಕಳಿಗೆ ಹೇಳುತ್ತೇನೆ. ಗವಿಮಠದ ಜಾತ್ರೆಯ ಜಾಗೃತಿ ಜಾಥಾದಲ್ಲಿ ಈ ವಿಷಯಕ್ಕೂ ಜಾಗ ಕೇಳೋಣ ಅಂತ ಕೊಪ್ಪಳದವರ ಹತ್ತಿರ ವಿನಂತಿ.

ಕಾರಟಗಿ ರೈತ

ನಮ್ಮ ಆಟೋ ಸ್ಟ್ಯಾಂಡು, ನೀರು ಬಳಕೆದಾರರ ಸಂಘದ ಸಭೆ ನನ್ನ ಪಾಲು. ಗಂಡಸರಿಗೂ ಹೇಳಬೇಕು. ಎಲ್ಲಾ ಭಾರ ಹೆಣ್ಣುಮಕ್ಕಳ ಮೇಲೆ ಹಾಕಿ ಕೂರುವುದು ಸರಿಯಲ್ಲ.

ಬಳ್ಳಾರಿ ಜೀನ್ಸ್ ಅಂಗಡಿ

ಮುಂದಿನ ವಾರ ಅಪ್ಪನನ್ನು ಕರೆದುಕೊಂಡು ಹೋಗುತ್ತೇನೆ. ಏನೇನು ತಗೊಂಡು ಹೋಗಬೇಕು?

ಕೊಪ್ಪಳ ಫಿಸಿಷಿಯನ್

ಅವರು ನುಂಗುವ ಎಲ್ಲಾ ಗುಳಿಗೆ ಒಂದು ಚೀಲದಲ್ಲಿ ಹಾಕಿಕೊಳ್ಳಿ, ನಾಟಿ ಔಷಧಿ ಇದ್ದರೆ ಅದನ್ನೂ. ಹಳೆಯ ಚೀಟಿ, ರಿಪೋರ್ಟು. ಕನ್ನಡಕ ಹಾಕಿಸಿ, ಕಿವಿಯ ಮಷೀನು ಇದ್ದರೆ ಅದನ್ನೂ ಹಾಕಿಸಿ. ಯಾವುದು ಯಾವಾಗ ಶುರುವಾಯಿತು ಅಂತ ಒಂದು ಹಾಳೆಯಲ್ಲಿ ಬರೆದುಕೊಳ್ಳಿ, ಅವರ ಎದುರಿಗೇ ಅದನ್ನೆಲ್ಲ ಹೇಳಬೇಕಾಗುವುದಿಲ್ಲ. ದಿನಾ ಅವರ ಜೊತೆ ಇರುವವರು ಬರಬೇಕು. ನೀವು ಬೆಳಗ್ಗೆ ಅಂಗಡಿಗೆ ಹೋದರೆ ರಾತ್ರಿ ಬರುವವರು. ಮನೆಯವರನ್ನೂ ಕರೆದುಕೊಂಡು ಹೋಗಿ, ಡಾಕ್ಟರ ಮುಂದೆ ಅವರು ಮಾತಾಡಲಿ.